ರೋಜಿ ಅತ್ತೆಯ ಉಲ್ಟಾ ಅಕ್ಷರ

ಇಪ್ಪತ್ತೊಂದು ವರ್ಷದಲ್ಲಿ ರೋಜಾಲಿಯಾ ಶಿಪೋಶ್ ಕೈಯಾರೆ ಮಾಡಿದ ಸಾವಿರಾರು ಸಾಮಾನುಗಳಲ್ಲಿ ಒಂದೇ ಒಂದೂ ಉಳಿದಿರಲಿಲ್ಲ. ಅವಳ ಕಸುಬೇ ಅಂಥದು. ಟೊಲೀಡೊ ಊರಿನಲ್ಲಿ, ನದಿಯ ಪೂರ್ವದಂಡೆಯ ಫೌಂಡ್ರಿಯಲ್ಲಿ ಅವಳು ಕೋರ್ ಮಾಡುವವಳು. ಎರಕದ ಸಾಮಾನಿನ ಒಳಗೆ ಎಲ್ಲಿ ಟೊಳ್ಳು ಬೇಕೋ ಆ ಟೊಳ್ಳಿನ ಆಕಾರಕ್ಕೆ ಮರಳನ್ನು ಅಗಸೆ ಎಣ್ಣೆ, ಕಾಕಂಬಿ ಹಾಕಿ ಕಲಸಿ, ಪೆಟ್ಟಿಗೆಯಲ್ಲಿ ಒತ್ತಿ, ಒಲೆಯಲ್ಲಿ ಬೇಯಿಸಿ ಕೊಡಬೇಕು. ಅದನ್ನು ಅಚ್ಚಿನೊಳಗೆ ಕೂರಿಸಿ ಸುತ್ತ ಲೋಹ ಹೊಯ್ಯುತ್ತಾರೆ. ಲೋಹ ಆರಿದ ಮೇಲೆ ಯಾವನೋ ದಾಂಡಿಗ ಸುತ್ತಿಗೆ ತಂದು ಒಳಗಿನ ಕೋರನ್ನು ಕುಟ್ಟಿ ಪುಡಿಮಾಡಿ ಕೊಡವಿ ಹಾಕುತ್ತಾನೆ. ಕೊನೆಗೆ ಉಳಿಯುವುದು ಬರೀ ಟೊಳ್ಳು. ಟೊಳ್ಳಿನ ಮೇಲೆ ಹೆಸರು ಬರೆಯುವುದೆಲ್ಲಿ?

ಪ್ಯಾಟರ್ನ್ ಮೇಸ್ತ್ರಿ ಫೇರಿ ಬೋಗ್ನಾರ್‌ನ ಹಣೆಬರಹ ಬೇರೆ. ಅವನು ಮರದಲ್ಲಿ ಕೆತ್ತಿದ ಮಾದರಿಯನ್ನು ಮರಳಿಗೊತ್ತಿಯೇ ಅಚ್ಚು ತೆಗೆಯುವುದು. ಪ್ರತಿ ಮಾದರಿಯ ಮೂಲೆಯಲ್ಲೂ ತನ್ನ ಹೆಸರಿನ ಎರಡು ಅಕ್ಷರ ಕೂರಿಸಿಯೇ ಅವನು ಅದನ್ನು ಕೈಬಿಡುತ್ತಿದ್ದದ್ದು. ಊರಿನ ಬಾಯ್ಲರ್ ಬಾಗಿಲು, ಒಲೆ, ನೀರಿನ ಪಂಪು, ಎಲ್ಲದರ ಮೇಲೂ ಅವನ ಅಕ್ಷರ. ಕಾನ್ಸಾಲ್ ಬೀದಿಯಲ್ಲಿ ನಡೆಯುವಾಗ ಚರಂಡಿಯ ಮುಚ್ಚಳಕ್ಕೂ ಒಂದು ನಮಸ್ಕಾರ ಹಾಕಿಯೇ ಮುಂದೆ ಹೋಗುತ್ತಾನೆಂದು ಜನ ನಗುತ್ತಿದ್ದರು. ರೋಜಾಲಿಯಾಳೂ ನಗುತ್ತಿದ್ದಳು, ಆದರೆ ಅವಳಿಗೆ ಒಳಗೊಳಗೇ ಹೊಟ್ಟೆ ಉರಿಯುತ್ತಿತ್ತು.

ಹೀಗಿರುವಾಗ, ಸಾವಿರದ ಒಂಬೈನೂರ ಐವತ್ತೊಂದರ ವಸಂತದಲ್ಲಿ, ಅವಳ ಅಣ್ಣನ ಮಗ ದೆಜೋ ಒಂದು ಹಳೆಯ ಫೋರ್ಡ್ ಕಾರನ್ನು ಎಳೆದುಕೊಂಡು ಬಂದು ಅವಳ ಹಿತ್ತಲಲ್ಲಿ ನಿಲ್ಲಿಸಿದ. ಮೂವತ್ತೆರಡರ ಮಾಡೆಲ್ಲು. ನೌಕಾಪಡೆಯಿಂದ ವಾಪಸಾಗಿ ಲೇತ್ ಹಿಡಿದಿದ್ದ ಇಪ್ಪತ್ತಾರರ ಹುಡುಗ, ತಿಂಗಳೊಪ್ಪತ್ತಿನಲ್ಲಿ ಆ ಕಾರಿನ ಮಡ್‌ಗಾರ್ಡು ಕಿತ್ತ, ಬಾನೆಟ್ಟು ಕಿತ್ತ, ಮೇಲಿನ ಹೊದಿಕೆಯನ್ನೂ ಕಿತ್ತೆಸೆದ. ಎಂಟು ಸಿಲಿಂಡರಿನ ಇಂಜಿನ್ನು ಬೆತ್ತಲೆಯಾಗಿ ಎದ್ದು ಕೂತಿತು. ಊರ ಹುಡುಗರಿಗೆಲ್ಲ ಆಗ ಇದೇ ಹುಚ್ಚು. ಹೀಗೆ ಹಳೆಯ ಕಾರನ್ನು ಬೋಳಿಸಿ ವೇಗಕ್ಕೆ ಸಜ್ಜುಮಾಡಿದ ಹಾಟ್ ರಾಡ್ ಅಂದರೆ ಊಟ ನಿದ್ದೆ ಬೇಡ. ಹಗಲೆಲ್ಲ ಕಾರ್ಖಾನೆಯಲ್ಲಿ ಕಂಡವರ ಕಾರಿಗೆ ಬಿಡಿಭಾಗ ಮಾಡುವುದು, ಸಂಜೆ ತಮ್ಮ ಕಾರಿನ ಭಾಗಗಳನ್ನು ಕಿತ್ತುಹಾಕುವುದು!

“ಅತ್ತೆ, ಇಂಜಿನ್ನಿನ ತಲೆ ಮೇಲಿರೋ ಈ ಕಬ್ಬಿಣದ ಹೆಡ್ಡು ದಂಡ,” ಎಂದ ದೆಜೋ ಒಂದು ಸಂಜೆ. “ಅಲ್ಯೂಮಿನಿಯಂದು ಹಾಕಿದರೆ ಇದು ಹಾರುತ್ತೆ. ನದಿ ಆಚೆಯ ವೆಂಡೆಲ್ ಕ್ರೂಸ್ ಕ್ಯಾಲಿಫೋರ್ನಿಯಾದಿಂದ ತರಿಸಿಕೊಂಡವ್ನೆ. ನಾನೆಲ್ಲಿಂದ ತರಲಿ? ಫೌಂಡ್ರಿಲಿ ಒಂದು ಜೊತೆ ಎರೆದುಕೊಡ್ತೀಯಾ?”

ರೋಜಾಲಿಯಾ ಆ ಕಬ್ಬಿಣದ ಹೆಡ್ಡನ್ನು ಮೊಣಕಾಲ ಮೇಲಿಟ್ಟುಕೊಂಡು ನೀರಿನ ತೂತಿನೊಳಗೆ ಬೆರಳು ಹಾಕಿದಳು. ಒಳಗೆಲ್ಲ ನೀರು ಸುತ್ತಾಡಲು ಅಂಕುಡೊಂಕಿನ ಟೊಳ್ಳು. ಬೆರಳು ಹೋದಷ್ಟು ದೂರವೂ ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು.

“ಇದರ ಹೊಟ್ಟೆ ನಂದು ಕಣೋ,” ಎಂದಳು. “ಮೈ ಮಾಡೋಕೆ ಫೇರಿ ಬೇಕು.”

ಫೇರಿ ಮೊದಲು ಮೂಗು ಮುರಿದ. “ಆ ಕಾರಿಗೆ ಮೈ ಮೇಲೆ ಬಟ್ಟೆ ಇಲ್ಲ, ಅದಕ್ಕೆ ಹೊಸ ಹೆಡ್ಡು ಬೇರೆ! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.” ಹೀಗೆಂದವನೇ ಹೆಡ್ಡನ್ನು ಕಸಿದುಕೊಂಡು ಅಳತೆಪಟ್ಟಿ ಹಿಡಿದು ಕೂತ. ಕಸುಬಿನವನ ಮುಂದೆ ಕಸುಬಿನದನ್ನು ಇಟ್ಟರೆ ಕೈ ಸುಮ್ಮನಿರುತ್ತದೆಯೇ?

“ಒಂದು ಮಾತು,” ಎಂದಳು ರೋಜಾಲಿಯಾ. “ಈ ಹೆಡ್ಡಿನ ಮೇಲೆ ನನ್ನ ಅಕ್ಷರ ಇರಬೇಕು.”

“ಕೋರ್ ಮಾಡೋರ ಅಕ್ಷರಾನಾ? ಎಲ್ಲಾದರೂ ಉಂಟೇನಮ್ಮಾ?”

“ಇಲ್ಲ. ಅದಕ್ಕೇ ಕೇಳ್ತಿರೋದು.”

ಫೇರಿ ಅವಳ ಮುಖ ನೋಡಿದ. ಗಂಡ ಸತ್ತಾಗಲೂ ಮೂರನೆಯ ದಿನಕ್ಕೆ ಕೆಲಸಕ್ಕೆ ಬಂದವಳು, ಇಷ್ಟು ವರ್ಷದಲ್ಲಿ ಯಾರನ್ನೂ ಏನನ್ನೂ ಕೇಳಿದವಳಲ್ಲ. “ಆಯ್ತು ಮಾರಾಯ್ತಿ, ಜಾಗ ಬಿಟ್ಟಿರ್ತೀನಿ. ನೀನೇ ಕೆತ್ತಿ ಅಂಟಿಸಿಕೋ,” ಎಂದ.

ಊಟದ ಬಿಡುವಿನಲ್ಲಿ ಕಾರ್ಖಾನೆಯ ಬೆಂಕಿಯಲ್ಲಿ ಸ್ವಂತದ ಸಾಮಾನು ಮಾಡಿಕೊಳ್ಳುವುದಕ್ಕೆ ಆ ಊರಲ್ಲಿ ‘ಸರ್ಕಾರಿ ಕೆಲಸ’ ಎಂದೇ ಹೆಸರು. ಮೇಲಿನವರು ಕಂಡೂ ಕಾಣದಂತಿರುತ್ತಿದ್ದರು. ಆದರೆ ಕೋರ್ ಬೇಯಿಸುವ ದೊಡ್ಡ ಒಲೆ ಸದಾ ಭರ್ತಿ. ರೋಜಾಲಿಯಾ ಹಿಂದೆಮುಂದೆ ನೋಡದೆ ಮರಳನ್ನು ಬುಟ್ಟಿಯಲ್ಲಿ ಮನೆಗೆ ಹೊತ್ತು ತಂದು, ರೊಟ್ಟಿ ಬೇಯಿಸುವ ಒಲೆಯಲ್ಲೇ ಕೋರ್ ಬೇಯಿಸಿದಳು. ಮನೆಯೆಲ್ಲ ಅಗಸೆ ಎಣ್ಣೆಯ ಹೊಗೆ, ಹೊಸದಾಗಿ ಬಣ್ಣ ಬಳಿದಂಥ ವಾಸನೆ. ಮೊದಲಿನ ಎರಡು ಬಿರುಕು ಬಿಟ್ಟವು. ಮೂರನೆಯದು ಹೊತ್ತಿತು. ಆರನೆಯ ದಿನ ಎರಡು ಕೋರುಗಳು ಕಂದು ಬಣ್ಣಕ್ಕೆ ತಿರುಗಿ, ಬೆರಳಲ್ಲಿ ತಟ್ಟಿದರೆ ಟಣ್ ಎನ್ನುವ ಹಾಗೆ ಹೊರಬಂದವು. ಭಾನುವಾರ ಅದೇ ಒಲೆಯಲ್ಲಿ ಮಾಡಿದ ಆಕ್ರೋಡಿನ ಕಡುಬನ್ನು ಚರ್ಚಿಗೆ ಒಯ್ದರೆ ಪಾದ್ರಿಗಳು ಒಂದು ತುಂಡು ಬಾಯಿಗಿಟ್ಟು, “ರೋಜಾಲಿಯಾ, ಇದಕ್ಕೆ ಬಣ್ಣದ ಡಬ್ಬ ಬಿತ್ತೇನಮ್ಮಾ?” ಎಂದು ಕೇಳಿದರು.

ಅಕ್ಷರಗಳನ್ನು ಅವಳು ಶುಕ್ರವಾರ ಅಡುಗೆಮನೆಯ ಚಾಕುವಿನಲ್ಲಿ ಕೆತ್ತಿದಳು. ಕಡಲಾಚೆಯಿಂದ ವಲಸೆ ಬಂದ ಅವಳ ಜನದಲ್ಲಿ ಮನೆತನದ ಹೆಸರು ಮೊದಲು. ಹಾಗಾಗಿ ಒಂದು ಎಸ್, ಒಂದು ಆರ್. ಶನಿವಾರ ಬೆಳಿಗ್ಗೆ ಫೇರಿ ಬರುವುದರೊಳಗೆ ಮಾದರಿಗೆ ಅಂಟಿಸಿ ಅಚ್ಚಿಗೆ ಒತ್ತಿಯೂ ಆಯಿತು. ಬಿಡುವಿನಲ್ಲಿ ಹಳೆಯ ಪಿಸ್ಟನ್ನುಗಳನ್ನು ಕರಗಿಸಿ ಹೊಯ್ದರು. ಲೋಹ ಗುಳುಗುಳು ಎನ್ನದೆ ಹಾಲಿನ ಹಾಗೆ ಸದ್ದಿಲ್ಲದೆ ಇಳಿಯಿತು. ಗುಳುಗುಳು ಅಂದಿದ್ದರೆ ಕೋರು ಕೆಟ್ಟಿತೆಂದೇ ಅರ್ಥ. ರೋಜಾಲಿಯಾ ಉಸಿರು ಬಿಟ್ಟಳು.

ಸಂಜೆ ಅಚ್ಚು ಒಡೆದಾಗ ಸುತ್ತ ಹತ್ತು ಜನ ನಿಂತಿದ್ದರು. ದೆಜೋ ಬ್ರಷ್ಷಿನಿಂದ ಮರಳು ಒರೆಸಿದ. ಜೋಡಿ ಹೆಡ್ಡು ಬೆಳ್ಳಗೆ ಹೊಳೆಯಿತು. ಒಂದೊಂದರ ಮೂಲೆಯಲ್ಲೂ ಎರಡು ಅಕ್ಷರ ಉಬ್ಬಿ ನಿಂತಿದ್ದವು, ಎರಡೂ ಉಲ್ಟಾ! ಆರ್ ಎಡಕ್ಕೆ ಕಾಲು ಚಾಚಿಕೊಂಡು, ಎಸ್ ಹಿಂದುಮುಂದಾಗಿ, ಕನ್ನಡಿಯಲ್ಲಿ ನೋಡಿದ ಹಾಗೆ.

ನಿಂತವರೆಲ್ಲ ಸೂರು ಹಾರುವಂತೆ ನಕ್ಕರು.

ತಪ್ಪು ಎಲ್ಲಾಯಿತೆಂದು ರೋಜಾಲಿಯಾಳಿಗೆ ಆಗಲೇ ಹೊಳೆಯಿತು. ಇಪ್ಪತ್ತೊಂದು ವರ್ಷದಿಂದ ಅವಳು ನಂಬರು ಗೀಚಿದ್ದೆಲ್ಲ ಮರಳಿನ ಕೋರಿನ ಮೇಲೆ. ಕೋರಿನ ಮೇಲೆ ಉಲ್ಟಾ ಬರೆದರೆ ಲೋಹದಲ್ಲಿ ನೆಟ್ಟಗೆ ಬರುತ್ತದೆ. ಕೈಗೆ ಅದೇ ಅಭ್ಯಾಸ. ಆದರೆ ಮರದ ಮಾದರಿ ಮರಳಿನಲ್ಲಿ ಒಮ್ಮೆ ತಿರುಗಿ ಲೋಹದಲ್ಲಿ ಇನ್ನೊಮ್ಮೆ ತಿರುಗುತ್ತದೆ, ಅಲ್ಲಿ ನೆಟ್ಟಗೆ ಬರೆದರೇ ನೆಟ್ಟಗೆ. ಬೇರೆ ಯಾರೇ ಆಗಿದ್ದರೂ, ಅಕ್ಷರ ಕಲಿಯುವ ಮಗು ಆಗಿದ್ದರೂ, ಸರಿಯಾಗಿಯೇ ಅಂಟಿಸುತ್ತಿತ್ತು. ಅವಳ ಮುಖ ಕೆಂಡದಂತಾಯಿತು.

“ಅರ ಕೊಡ್ರಪ್ಪಾ, ಉಜ್ಜಿಬಿಡ್ತೀನಿ,” ಎಂದ ಫೇರಿ. “ಪಶ್ಚಿಮದಂಡೆಯೋರು ನೋಡಿದರೆ ನಮ್ಮ ಫೌಂಡ್ರಿಗೆ ಓದುಬರಹ ಬರಲ್ಲ ಅಂತಾರೆ.”

“ಮುಟ್ಟಬೇಡ!” ರೋಜಾಲಿಯಾ ಹೆಡ್ಡಿನ ಮೇಲೆ ಕೈಯಿಟ್ಟಳು. ಇನ್ನೂ ಬಿಸಿಯಿತ್ತು, ಚುರ್ ಎಂದಿತು. ಕೈ ತೆಗೆಯಲಿಲ್ಲ.

“ತಪ್ಪು ಎರಕ ಸೋಮವಾರ ಕುಲುಮೆಗೆ ವಾಪಸು. ಅದು ಇಲ್ಲಿನ ಕಾನೂನು ಕಣಮ್ಮಾ, ನಾನು ಮಾಡಿದ್ದಲ್ಲ.”

“ಅಕ್ಷರ ತಪ್ಪು. ಹೆಡ್ಡು ತಪ್ಪಿಲ್ಲ. ಮುಂದಿನ ಭಾನುವಾರ ಓಟ ಇದೆಯಲ್ಲ? ಗೆದ್ದರೆ ಹೀಗೇ ಇರಲಿ. ಸೋತರೆ ಆ ಸೋಮವಾರ ನಾನೇ ತಂದು ಕುಲುಮೆಗೆ ಹಾಕ್ತೀನಿ, ಅಕ್ಷರಾನೂ ಹೋಗಲಿ, ಹೆಡ್ಡೂ ಹೋಗಲಿ.”

ಫೇರಿ ತಲೆ ಕೆರೆದುಕೊಂಡ. “ಸಾಕ್ಷಿಗೆ ಹತ್ತು ಜನ ಇದ್ದಾರೆ,” ಎಂದ.

ಆ ಭಾನುವಾರ ಪೂಜೆ ಮುಗಿಸಿ ಪೂರ್ವದಂಡೆಯ ಅರ್ಧ ಊರೇ ಊರಾಚೆಯ ಪಾಳು ವಿಮಾನಪಟ್ಟಿಗೆ ಹೊರಟಿತು. ಬೀದಿಯಲ್ಲಿ ಓಡಿಸಿ ಪೊಲೀಸರ ಕೈಗೆ ಸಿಕ್ಕಿ ಸಾಕಾಗಿದ್ದ ಹುಡುಗರು, ಆ ಜಮೀನಿನ ರೈತನ ಕೈಕಾಲು ಹಿಡಿದು ಒಂದು ದಿನಕ್ಕೆ ಅದನ್ನು ಕೇಳಿಕೊಂಡಿದ್ದರು. ಕಾಲು ಮೈಲಿ ನೇರ ಓಟ, ಜೋಡಿ ಜೋಡಿಯಾಗಿ. ಬಾವುಟ ಬಿದ್ದರೆ ಹೊರಡಬೇಕು, ಮೊದಲು ಗೆರೆ ದಾಟಿದವನು ಗೆದ್ದ. ಎಷ್ಟು ಕಾರು, ಎಷ್ಟು ಬಣ್ಣ, ಎಂಥ ಗದ್ದಲ! ಕಿವಿಗೆ ಬೆರಳಿಟ್ಟುಕೊಂಡರೂ ಎದೆಯೊಳಗೆ ಇಂಜಿನ್ನು ಓಡುತ್ತಿತ್ತು. ರೋಜಾಲಿಯಾ ನಲವತ್ತೈದು ವರ್ಷದ ತನ್ನ ಬಾಳಿನಲ್ಲಿ ಇಂಥ ಖುಷಿಯ ಗಲಾಟೆ ಕಂಡಿರಲಿಲ್ಲ. ಸುತ್ತ ಹುಡುಗರು ಕುಣಿದರೆ ಅವಳೂ ಚಪ್ಪಾಳೆ ತಟ್ಟಿದಳು.

ದೆಜೋ ಎರಡು ಓಟ ಗೆದ್ದ. ಕೊನೆಯ ಓಟ ವೆಂಡೆಲ್ ಕ್ರೂಸ್‌ನ ದ್ರಾಕ್ಷಿ ಬಣ್ಣದ ಕಾರಿನ ಜೊತೆ. ವೆಂಡೆಲ್ ನಡೆದುಬಂದು ದೆಜೋನ ಇಂಜಿನ್ನಿಗೆ ಬಗ್ಗಿ ನೋಡಿದ. “ಇದೇನಯ್ಯಾ ಅಕ್ಷರ? ರಷ್ಯಾದಿಂದ ಬಂತಾ?” ಎಂದ. ಅವನ ಗೆಳೆಯರು ಬಿದ್ದುಬಿದ್ದು ನಕ್ಕರು.

“ನಮ್ಮತ್ತೆ ಒಲೆಯಿಂದ ಬಂದಿದ್ದು,” ಎಂದ ದೆಜೋ. “ನನ್ನ ಹಿಂದಿನಿಂದ ಬರ್ತಾ ಸರಿಯಾಗಿ ಓದಿಕೊಳ್ಳುವಿಯಂತೆ.”

ಅಷ್ಟರಲ್ಲಿ ಫೇರಿ ಕೂಗಿದ. “ದೆಜೋ, ಎಡಗಡೆ ಹೆಡ್ಡು ಬೆವರ್ತಾ ಇದೆಯಲ್ಲೋ!”

ನಿಜ. ಅಕ್ಷರಗಳ ಪಕ್ಕದಲ್ಲೇ, ಸೂಜಿಮೊನೆಯಷ್ಟು ತೂತಿನಿಂದ ನೀರು ಹನಿಹನಿಯಾಗಿ ಹೊರಬರುತ್ತಿತ್ತು. ಬಿಸಿಯೇರಿದರೆ ಹನಿ ಧಾರೆಯಾಗುತ್ತದೆ, ನೀರು ಹೋದರೆ ಇಂಜಿನ್ನು ಸುಟ್ಟೇ ಹೋಗುತ್ತದೆ. ದೆಜೋನ ಮುಖ ಬಿಳಿಚಿತು. “ಅತ್ತೆ, ಬಿಟ್ಟುಬಿಡಲಾ?” ಎಂದ.

ರೋಜಾಲಿಯಾ ಬಗ್ಗಿ ಬೆರಳಿಟ್ಟು ನೋಡಿದಳು. ಬಿಟ್ಟುಬಿಟ್ಟರೆ ನಾಳೆ ಕುಲುಮೆ. ಒಂದು ಜೀವಮಾನದಲ್ಲಿ ಉಳಿದ ಒಂದೇ ಒಂದು ಸಾಮಾನು ಮತ್ತೆ ಕರಗಿ ಯಾರದೋ ಬಾಣಲೆಯಾಗುತ್ತದೆ. ಅವಳಿಗೆ ಅಳು ಒತ್ತಿಕೊಂಡು ಬಂತು, ಸಿಟ್ಟೂ ಬಂತು. ಹಳ್ಳಿಯವರು ತೂತು ಕಟ್ಟಿಕೊಳ್ಳಲೆಂದು ಸೋರುವ ರೇಡಿಯೇಟರಿಗೆ ಕಾಳುಮೆಣಸಿನ ಪುಡಿ ಸುರಿಯುವುದನ್ನು ಅವಳು ನೋಡಿದ್ದಳು. ಕಾಳುಮೆಣಸು ಎಲ್ಲಿಂದ ತರುವುದು? ಆದರೆ ಊಟದ ಬುಟ್ಟಿಯಲ್ಲಿ, ಸುಟ್ಟ ಹಂದಿಕೊಬ್ಬಿನ ಮೇಲೆ ಉದುರಿಸಲು ತಂದ ಕೆಂಪು ಮೆಣಸಿನ ಪುಡಿಯ ಡಬ್ಬವಿತ್ತು. ಅದಿಲ್ಲದೆ ಅವಳ ಜನ ಮನೆಬಿಟ್ಟು ಹೊರಡುವವರಲ್ಲ.

“ರೇಡಿಯೇಟರಿನ ಮುಚ್ಚಳ ತೆಗಿ,” ಎಂದಳು.

“ಅತ್ತೆ, ಅದು ಪಾಪ್ರಿಕಾ!”

“ಗೊತ್ತು, ನಾನೇ ಅರೆದಿದ್ದು. ತೆಗಿಯೋ!”

ಅರ್ಧ ಡಬ್ಬ ರೇಡಿಯೇಟರಿಗೆ ಹೋಯಿತು. ಇಂಜಿನ್ನು ಒಂದು ನಿಮಿಷ ಓಡಿತು. ಹನಿ ಕೆಂಪಾಯಿತು, ದಪ್ಪವಾಯಿತು, ಒಂದು ಕೆಂಪು ಚುಕ್ಕೆಯಾಗಿ ಅಲ್ಲೇ ನಿಂತಿತು. ಫೇರಿ ಶಿಲುಬೆಯ ಗುರುತು ಹಾಕಿಕೊಂಡ.

ಬಾವುಟ ಬಿತ್ತು. ಎರಡು ಕಾರೂ ಕಿರುಚಿಕೊಂಡು ಹಾರಿದವು. ವೆಂಡೆಲ್‌ನದು ಮುಂದೆ! ಒಂದು ಕಾರಿನಷ್ಟು ಮುಂದೆ! ರೋಜಾಲಿಯಾ ಬುಟ್ಟಿ ಎಸೆದು ಪಟ್ಟಿಯ ಪಕ್ಕದಲ್ಲಿ ಓಡತೊಡಗಿದಳು, ಕಾಲು ಮೈಲಿಯನ್ನು ತಾನೇ ಓಡಿ ಮುಗಿಸುವವಳ ಹಾಗೆ. “ಒತ್ತೋ, ದೆಜೋ! ಒತ್ತೋ!” ದೆಜೋ ಕೊನೆಯ ಗೇರಿಗೆ ಹಾಕಿದ ಸದ್ದು ಕೇಳಿಸಿತು. ಆ ಬೆತ್ತಲೆ ಕಾರು ಇಂಚಿಂಚೇ ಮೇಲೇರಿತು, ಸಮಕ್ಕೆ ಬಂತು, ಮೂಗು ಮುಂದೆ ಹೋಯಿತು. ದೂರದಲ್ಲಿ ಗೆರೆಯ ಬಳಿ ನಿಂತವನ ಕೈ ದೆಜೋನ ಕಡೆಗೆ ಎದ್ದಿತು. ಪೂರ್ವದಂಡೆಯವರು ಹಾಕಿದ ಕೂಗಿಗೆ ಹೊಲದ ಕಾಗೆಗಳೆಲ್ಲ ಮೇಲೆದ್ದವು.

ಕಾರು ವಾಪಸು ಬಂದಾಗ ಸುತ್ತೆಲ್ಲ ಮಾಂಸದ ಸಾರು ಕುದಿಯುವ ಘಮ. ಅತ್ತೆ ಅಳಿಯ ತಬ್ಬಿಕೊಂಡು ಅತ್ತರು, ನಕ್ಕರು.

ವೆಂಡೆಲ್ ಟೋಪಿ ತೆಗೆದು ಎದುರಿಗೆ ಬಂದು ನಿಂತ. “ಅಮ್ಮಾ, ನನಗೂ ಒಂದು ಜೊತೆ ಎರೆದು ಕೊಡ್ತೀರಾ?”

ರೋಜಾಲಿಯಾ ಕಣ್ಣೊರೆಸಿಕೊಂಡಳು. “ಕೊಡೋಣಪ್ಪ. ಈ ಸಲ ಅಕ್ಷರ ನೆಟ್ಟಗೆ ಹಾಕ್ತೀನಿ,” ಎಂದಳು.

“ಅಯ್ಯೋ, ಬೇಡಿ! ನನ್ನ ಸೋಲಿಸಿದ್ದು ಈ ಉಲ್ಟಾ ಅಕ್ಷರ. ನನಗೆ ಇದೇ ಬೇಕು. ನೆಟ್ಟಗಿದ್ದರೆ ಯಾರು ನಂಬ್ತಾರೆ ನಿಮ್ಮದು ಅಂತ?”

ಸೋಮವಾರ ಬೆಳಿಗ್ಗೆ ಅವಳು ಕೆಲಸದ ಮೇಜಿಗೆ ಬಂದರೆ ಫೇರಿ ಆಗಲೇ ಕಾಯುತ್ತಿದ್ದ. ಕೈಯಲ್ಲಿ ಹೆಡ್ಡಿನ ಮರದ ಮಾದರಿ. ಅಕ್ಷರ ಕಿತ್ತು ತಿರುಗಿಸಿಬಿಟ್ಟನೇ? ಕಸಿದುಕೊಂಡು ನೋಡಿದಳು. ಎಸ್, ಆರ್, ಎರಡೂ ಉಲ್ಟಾ, ಇದ್ದ ಹಾಗೇ ಇದ್ದವು.

“ಈ ಮಾದರಿಗೆ ನಾನು ನನ್ನ ಅಕ್ಷರ ಹಾಕಿರಲಿಲ್ಲ,” ಎಂದ ಫೇರಿ ನೆಲ ನೋಡುತ್ತ. “ಯಾಕೆ ಅಂತ ನೀನು ಕೇಳಬೇಡ. ಪಕ್ಕದಲ್ಲಿ ಸ್ವಲ್ಪ ಜಾಗ ಇದೆ. ಹಾಕಲಾ?”

“ಹಾಕಪ್ಪ, ನಿಂದೂ ಕೆಲಸ ಅಲ್ವಾ?”

ಅವನು ಅಂಗಿಯ ಜೇಬಿನಿಂದ ಎರಡು ಪುಟ್ಟ ಮರದ ಅಕ್ಷರ ತೆಗೆದು ಅವಳ ಅಂಗೈ ಮೇಲಿಟ್ಟ. ರಾತ್ರಿಯೆಲ್ಲ ಕೂತು ನುಣ್ಣಗೆ ಕೆತ್ತಿದ್ದ. ರೋಜಾಲಿಯಾ ಅವನ್ನು ಬೆಳಕಿಗೆ ಹಿಡಿದು ನೋಡಿದಳು. ಮೂವತ್ತು ವರ್ಷದಲ್ಲಿ ಒಂದು ಅಕ್ಷರವೂ ತಪ್ಪದ ಫೇರಿ ಬೋಗ್ನಾರ್, ತನ್ನವೆರಡನ್ನೂ ಉಲ್ಟಾ ಕೆತ್ತಿಕೊಂಡು ಬಂದಿದ್ದ.