ಆರತಿ ಮುಗಿಯುವ ತನಕ ಒಂದು ಸ್ವರ

ತಿಪ್ಪೇಶ ಸತ್ತ ಮೇಲೆ ಅವನ ಡಿಜೆ ಸೆಟ್ಟನ್ನು ಮಾರುವುದೆಂದು ಎಲ್ಲರೂ ತಾವೇ ತೀರ್ಮಾನ ಮಾಡಿಕೊಂಡಿದ್ದರು. ಅಜ್ಜಂಪುರದ ಮನೆಯ ಪಡಸಾಲೆಯಲ್ಲಿ ಕಪ್ಪು ಬಾಕ್ಸುಗಳು ಗೋಡೆಯ ಹಾಗೆ ನಿಂತಿದ್ದವು. ಅವನ ಹೆಂಡತಿ ಈರಕ್ಕ ಅವಕ್ಕೆ ಒರಗಿಕೊಂಡೇ ಅಳುತ್ತಿದ್ದಳು, ಒರಗಿಕೊಂಡೇ ಉಣ್ಣುತ್ತಿದ್ದಳು.

ಗಣಪತಿ ಹಬ್ಬ ಹತ್ತಿರ ಬಂದಾಗ ಮೈದುನ ಕಲ್ಲೇಶ್ ಬಂದು ಕೂತ.

"ಅತ್ಗೆ, ತರೀಕೆರೆಯೋರು ಕೇಳ್ತಾವ್ರೆ. ಕೊಟ್ಬಿಡಾಣ. ಇನ್ನು ಯಾರು ನಡೆಸ್ತಾರೆ ಇದ್ನ?"

"ನಾನು."

"ನೀನಾ?"

"ಇಷ್ಟು ವರ್ಷ ಟ್ರೇಲರ್ ಮೇಲೆ ವೈರ್ ಹಿಡ್ಕಂಡು ಕುಂತಿದ್ದು ಯಾರು? ನಿಮ್ಮವ್ವನಾ?"

ಕಲ್ಲೇಶ್‌ಗೆ ನಗು ಬಂತು.

ಹಾಡು ಹಾಕುವುದು, ಏರಿಸುವುದು, ಒಂದರೊಳಗೆ ಇನ್ನೊಂದನ್ನು ಸೇರಿಸುವುದು ಅವಳಿಗೆ ಬರುತ್ತಿತ್ತು. ನೋಡಿ ನೋಡಿ ಕಲಿತದ್ದು. ಬಾರದ್ದು ಒಂದೇ. ಗಣಪತಿ ಬಿಡುವ ಮೆರವಣಿಗೆ ಮನೆಮನೆಯ ಬಾಗಿಲಿಗೂ ನಿಲ್ಲುತ್ತದೆ. ನೀರು ಹಾಕಬೇಕು, ಕಾಯಿ ಒಡೆಯಬೇಕು, ಆರತಿ ಆಗಬೇಕು. ಆಗ ಹಾಡು ನಿಲ್ಲಿಸಿದರೆ ಕುಣಿಯುವವರ ಮೈ ತಣ್ಣಗಾಗುತ್ತದೆ. ನಿಲ್ಲಿಸದಿದ್ದರೆ ಆರತಿ ಆಗುವಷ್ಟರಲ್ಲಿ ಹಾಡೇ ಮುಗಿದುಹೋಗುತ್ತದೆ. ತಿಪ್ಪೇಶ ಹಾಡು ನಿಲ್ಲಿಸಿ ಕೀಬೋರ್ಡಿನಲ್ಲಿ ಒಂದು ಸ್ವರ ಹಿಡಿದಿಡುತ್ತಿದ್ದ. ಆರತಿ ತಟ್ಟೆ ಒಳಗೆ ಹೋಯಿತೋ, ಅದೇ ಸ್ವರವನ್ನು ಏರಿಸಿ ಏರಿಸಿ ಧಡ್ ಎಂದು ಹಾಡಿಗೆ ಬಿಡುತ್ತಿದ್ದ. ಕೀಬೋರ್ಡ್ ಬೇರೆಯವರದು. ತಿಥಿ ಆದ ಮೇಲೆ ಬಂದು ತೆಗೆದುಕೊಂಡು ಹೋದರು.

ಗಣಪತಿ ಕೂರಿಸುವವರಲ್ಲಿ ಹಿರಿಯನಾದ ರುದ್ರಮೂರ್ತಿ ಮುಚ್ಚುಮರೆ ಮಾಡಲಿಲ್ಲ.

"ಈರಕ್ಕ, ಈ ಸಲ ನಿಂಗೇ ಬಿಡ್ತೀವಿ. ಬಾಗ್ಲಲ್ಲಿ ಮಾತ್ರ ತಿಪ್ಪೇಶ ಮಾಡ್ದಂಗೇ ಆಗ್ಬೇಕು. ಇಲ್ಲಾಂದ್ರೆ ಮುಂದಿನ್ ಸಲ ಕಡೂರಿಂದ ಬೇರೆಯೋರ್ನ ಕರೆಸ್ತೀವಿ. ಬೇಜಾರ್ ಮಾಡ್ಕಬೇಡ."

ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಮಾರನೆಯ ದಿನ ಕಡೂರಿಗೆ ಹೋದಳು.

ವಾದ್ಯದ ಅಂಗಡಿಯ ಓಂಕಾರೇಶ್ ಉದ್ದನೆಯದೊಂದು ಸಿಂಥಸೈಜರ್ ಕೀಬೋರ್ಡ್ ಮುಂದಿಟ್ಟ.

"ಐನೂರು ಥರ ಸೌಂಡ್ ಐತೆ ಅಕ್ಕಾ ಇದ್ರಲ್ಲಿ."

"ನಂಗೆ ಒಂದು ಸಾಕು."

"ಒಂದಕ್ಕೆ ಯಾರಾದ್ರೂ ಇದ್ನ ತಗೋತಾರಾ?"

"ಐನೂರ್ರಲ್ಲಿ ಆ ಒಂದು ಎಲ್ಲೈತೆ ಅಂತ, ಆರತಿ ಹೊತ್ನಲ್ಲಿ ಹುಡುಕ್ತಾ ಕೂತ್ಕಳ್ಲಾ?"

ಮೂಲೆಯಲ್ಲಿ ಚಿಕ್ಕದೊಂದಿತ್ತು. ಕೂರುವ ಮಣೆಯಷ್ಟೂ ಇರಲಿಲ್ಲ. ಕಲಿಯುವ ಮಕ್ಕಳದು ಎಂದ ಓಂಕಾರೇಶ್. ಈರಕ್ಕ ಅದನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿ, ಸದ್ದು ಬದಲಿಸುವ ತಿರುಪುಗಳನ್ನು ಮುಟ್ಟಿ ನೋಡಿದಳು. ಒಂದು ತಿರುಪಿಗೆ ಒಂದೇ ಕೆಲಸ. ಒಂದು ತಿರುಪು ಸ್ವರವನ್ನು ದಪ್ಪ ಮಾಡುತ್ತಿತ್ತು. ಇನ್ನೊಂದು ಮುಚ್ಚಿದ ಬಾಗಿಲು ತೆಗೆದ ಹಾಗೆ ಬಿಚ್ಚುತ್ತಿತ್ತು. ಆಮೇಲೆ ಉದ್ದನೆಯದು, ಚಿಕ್ಕದು ಎರಡರ ಕರೆಂಟ್ ವೈರನ್ನೂ ಸರಕ್ಕನೆ ಕಿತ್ತಳು.

"ಯಾಕಕ್ಕಾ, ಏನಾಯ್ತು?"

"ಏನಿಲ್ಲ. ಜನರೇಟರ್ ಕೆಮ್ಮಿದ್ರೆ ಇವು ಏನ್ ಮಾಡ್ತವೆ ಅಂತ ನೋಡ್ದೆ."

ಉದ್ದನೆಯದು ಸತ್ತಿತು. ಚಿಕ್ಕದರ ಹೊಟ್ಟೆಯಲ್ಲಿ ಸೆಲ್ಲುಗಳಿದ್ದವು. ಅದು ಹಿಡಿದ ಸ್ವರ ಬಿಡಲಿಲ್ಲ. ಅದನ್ನೇ ಕಟ್ಟಿಸಿಕೊಂಡು ಬಂದಳು.

ಮನೆಯಲ್ಲಿ ಮೊದಲ ದಿನ ಆ ಸ್ವರ ಬಾಕ್ಸಿನಿಂದ ಬಂದಾಗ ಕೈ ತೆಗೆದುಬಿಟ್ಟಳು. ಗಂಡನೇ ಕೂಗಿದ ಹಾಗಾಯಿತು. ಎರಡನೆಯ ದಿನ ತೆಗೆಯಲಿಲ್ಲ.

ಮೆರವಣಿಗೆ ಸಂಜೆಗೆ ಹೊರಟಿತು. ಮೊದಲ ಬಾಗಿಲು ತೀರ್ಥಮ್ಮನದು. ಟ್ರ್ಯಾಕ್ಟರ್ ನಿಂತಿತು. ಟ್ರೇಲರ್ ಮೇಲೆ ಗಣಪನ ಪಕ್ಕದಲ್ಲೇ ನಿಂತಿದ್ದ ಈರಕ್ಕ ಹಾಡು ನಿಲ್ಲಿಸಿ ಸ್ವರ ಹಿಡಿದಳು. ಸರಿಯಾಗಿ ಬಂತು. ತೀರ್ಥಮ್ಮ ಆರತಿ ತಟ್ಟೆ ಹಿಡಿದು ಹೊಸಿಲು ದಾಟಿದಳು.

ಆರತಿ ಬಂದರೆ ಗಂಡ ಸತ್ತವಳು ಹಿಂದೆ ಸರಿಯಬೇಕು. ತಿಪ್ಪೇಶ ಹೋದಂದಿನಿಂದ ಈರಕ್ಕ ಸರಿಯುತ್ತಲೇ ಬಂದಿದ್ದಳು. ಈಗಲೂ ಕಾಲು ತಾನಾಗಿ ಹಿಂದೆ ಹೋಯಿತು. ಕಾಲಿನ ಜೊತೆ ಕೈಯೂ ಹೋಯಿತು.

ಸ್ವರ ಕಡಿಯಿತು. ಬೀದಿ ಗಪ್ಪೆಂದಿತು. ಕುಣಿಯುತ್ತಿದ್ದವರು ತಿರುಗಿ ನೋಡಿದರು. ರುದ್ರಮೂರ್ತಿ ತಲೆ ಅಲ್ಲಾಡಿಸಿದ.

"ಯಾಕೇ ನಿಲ್ಸ್ದೆ?" ಎಂದಳು ತೀರ್ಥಮ್ಮ.

"ಆರತಿ ಅಲ್ವಾ ಅಮ್ಮ. ಅದ್ಕೆ."

"ಆರತಿ ಗಣಪಂಗೆ ಕಣೇ, ನಿಂಗಲ್ಲ. ಮುಂದಕ್ ಬಾ. ಬಾರ್ಸು. ತಟ್ಟೆ ಕೈ ಸುಡ್ತೈತೆ."

ಯಾರೋ ಕಿಸಕ್ಕನೆ ನಕ್ಕರು. ಈರಕ್ಕ ಮುಂದೆ ಬಂದಳು. ಬೆರಳು ಒತ್ತಿದಳು. ತೀರ್ಥಮ್ಮ ಅವಸರ ಮಾಡಲಿಲ್ಲ, ಗಣಪನಿಗೆ ನಿಧಾನವಾಗಿ ಆರತಿ ಎತ್ತಿದಳು. ಅಷ್ಟು ಹೊತ್ತೂ ಸ್ವರ ಅಲ್ಲಾಡಲಿಲ್ಲ. ಕರ್ಪೂರದ ಹೊಗೆ ಈರಕ್ಕನ ಮುಖಕ್ಕೇ ಬಂತು, ಅವಳು ಸರಿಯಲಿಲ್ಲ. ತಟ್ಟೆ ಒಳಗೆ ಹೋಯಿತು. ತಿರುಪು ತಿರುವಿದಳು. ಸ್ವರ ಬಿಚ್ಚಿತು, ಏರಿತು, ಬೀದಿಯೆಲ್ಲ ಕೈ ಎತ್ತಿತು. ಧಡ್ ಎಂದು ಹಾಡು ಬಿಟ್ಟಳು.

ಆಮೇಲಿನ ಯಾವ ಬಾಗಿಲಲ್ಲೂ ಕಡಿಯಲಿಲ್ಲ.

ಗಣಪನನ್ನು ಕೆರೆಗೆ ಬಿಟ್ಟು ಬಂದ ರುದ್ರಮೂರ್ತಿ ಟ್ರೇಲರ್ ಹತ್ತಿರ ನಿಂತ.

"ಮುಂದಿನ್ ಸಲ ಇನ್ನೆರಡು ಬಾಕ್ಸ್ ಜಾಸ್ತಿ ಇರ್ಲಿ ಈರಕ್ಕ."

"ಇರ್ಲಿ ಬಿಡಣ್ಣ," ಎಂದಳು. ಬಗ್ಗಿ ವೈರು ಸುತ್ತಿದಳು.

ಮನೆಯ ಮುಂದೆ ಬಾಕ್ಸ್ ಇಳಿಸುವಾಗ ಕಲ್ಲೇಶ್ ಮೆಲ್ಲಗೆ ಹೇಳಿದ: "ತರೀಕೆರೆಯೋರಿಗೆ ಇಲ್ಲ ಅಂದ್ಬಿಡ್ತೀನಿ ಅತ್ಗೆ."

"ಅನ್ನು. ಆ ಕಡೆ ಹಿಡ್ಕ, ಒಬ್ಳಿಗೆ ಏಳಲ್ಲ."