ನಾಡಿಯ ಮೇಲಿಟ್ಟ ಬೆರಳು

ಅಕ್ಷರ ಕೊಟ್ಟ ಗುರುಗಳಿಗೆ, ಅನ್ನ ಕೊಟ್ಟ ತಾಯಿಗೆ, ಇವರೆಲ್ಲರಲ್ಲಿ ನಿಂತು ಕೊಡಿಸಿದ ಶ್ರೀಹರಿಗೆ ಮೊದಲು ನಮಸ್ಕಾರ. ಇಂದು ಬೆಳಿಗ್ಗೆ ಎದ್ದೆ. ಸ್ನಾನ ಮಾಡಿದೆ. ಎರಡು ತುತ್ತು ಉಂಡೆ. ಇಷ್ಟನ್ನು ಕೃಪೆಯೆಂದು ತಿಳಿಯಲು ನನಗೆ ಐವತ್ತು ವರ್ಷ ದಾಟಬೇಕಾಯಿತು, ಒಂದು ಕಾಯಿಲೆಯೂ ಬೇಕಾಯಿತು.

ನಾನು ದೇವದುರ್ಗದ ಹೈಸ್ಕೂಲಿನಲ್ಲಿ ಸಂಸ್ಕೃತ ಅಧ್ಯಾಪಕ. ಎಪ್ಪತ್ತರ ದಶಕದ ಕೊನೆಯ ಹೋಳಿಗೆ ಮಾನ್ವಿಯಲ್ಲಿದ್ದ ಹೆಂಡತಿಯ ತಮ್ಮ ವೆಂಕೋಬನ ಮನೆಗೆ ಒಬ್ಬನೇ ಹೋಗಿದ್ದೆ. ಅವನು ಬಾದಾಮಿ, ಗಸಗಸೆ ಅರೆದ ಹಾಲಿಗೆ ಭಂಗಿ ಸೊಪ್ಪನ್ನು ರುಬ್ಬಿ ಬೆರೆಸಿದ್ದ.

"ಭಾವಾ, ಇದು ಶಿವನ ಪ್ರಸಾದ. ನೀವು ವೈಷ್ಣವರು, ನಿಮಗ ಅರ್ಧ ಲೋಟ ಸಾಕ್ರೀ" ಎಂದು ಕೀಟಲೆ ಮಾಡಿದ.

"ಅರ್ಧ ಯಾಕೋ? ಹರಿಹರರಾಗ ಭೇದ ಮಾಡ್ತೀಯೇನು?" ಎಂದೆ. ವರ್ಷವೆಲ್ಲ ಹರಿಯೇ ಮೇಲು, ಶಿವ ಅವನ ಕೆಳಗೆ ಎಂಬ ತಾರತಮ್ಯವನ್ನು ಬೋಧಿಸುವ ನಾನು ಹಾಗೆಂದದ್ದಕ್ಕೆ ಎಲ್ಲರೂ ನಕ್ಕರು. ಯಾರೂ ಒತ್ತಾಯ ಮಾಡಲಿಲ್ಲ. ಒಂದು ಲೋಟ ಕುಡಿದೆ. ಅರ್ಧ ಗಂಟೆ ಕಳೆದರೂ ಏನೂ ಆಗದಿದ್ದಾಗ ನಾನೇ ಕೈ ಚಾಚಿ ಇನ್ನೊಂದು ಲೋಟ ತೆಗೆದುಕೊಂಡೆ.

ಮಧ್ಯಾಹ್ನ ಕಳೆಯುವಾಗ ಎದೆಯ ಬಡಿತ ಕಿವಿಯಲ್ಲಿ ಕೇಳತೊಡಗಿತು. ಕೈ ನನ್ನದೆನಿಸಲಿಲ್ಲ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಬಹಳ ಹೊತ್ತು ಹೋದಂತಾಗಿ, ಮುಂದಿನದು ಬರುವುದೇ ಇಲ್ಲವೆನಿಸುತ್ತಿತ್ತು. ಸೂರ್ಯ ಇಳಿಯುತ್ತಿದ್ದ. ಸಂಧ್ಯಾವಂದನೆಯಾದರೂ ನನ್ನನ್ನು ಹಿಡಿದೀತೆಂದು ಅರ್ಘ್ಯಕ್ಕೆ ಬೊಗಸೆಯಲ್ಲಿ ನೀರು ತುಂಬಿಕೊಂಡೆ. ಬಾಯಿ ತೆರೆದೆ.

ಗಾಯತ್ರಿ ಮರೆತುಹೋಗಿತ್ತು.

ಎಂಟನೆಯ ವರ್ಷದ ಉಪನಯನದಿಂದ ಒಂದು ದಿನವೂ ತಪ್ಪದ ಮಂತ್ರ. ಬೆರಳುಗಳ ಸಂದಿನಿಂದ ನೀರು ಸೋರಿಹೋಯಿತು. ನಾನು ಸಾಯುತ್ತಿದ್ದೇನೆಂದು ಕೂಗಿಕೊಂಡೆನಂತೆ. ವೆಂಕೋಬ ನನ್ನ ಕಾಲು ಹಿಡಿದು ಕೂತು, "ನಾನದೀನಿ ಭಾವಾ, ನಾನದೀನಿ" ಎಂದು ಅಳುತ್ತಿದ್ದ.

ಮರುದಿನ ಅಮಲು ಇಳಿಯಿತು. ಮಂತ್ರವೂ ಮರಳಿತು. ವೆಂಕೋಬ ಕೈಮುಗಿದು, "ಅಕ್ಕಗ ಮಾತ್ರ ಹೇಳಬ್ಯಾಡ್ರಿ" ಎಂದ. ಪಿತ್ತವಾಗಿತ್ತೆಂದು ಹೇಳುವುದೆಂದು ಇಬ್ಬರೂ ಗೊತ್ತುಮಾಡಿಕೊಂಡೆವು.

ಭಯ ಮಾತ್ರ ನನ್ನೊಡನೆ ದೇವದುರ್ಗಕ್ಕೆ ಬಂದಿತು. ಪಾಠ ಹೇಳುವಾಗ, ಊಟಕ್ಕೆ ಕೂತಾಗ, ಮಣಿಕಟ್ಟಿನ ಮೇಲೆ ಬೆರಳು ತಾನಾಗಿ ಹೋಗುತ್ತಿತ್ತು. ಒಂದು ಬಡಿತ ತಡವಾದರೆ ಮೈಯೆಲ್ಲ ಬೆವರು. ಇಸಿಜಿ ಮಾಡಿಸಲು ರಾಯಚೂರಿಗೆ ಹೋದೆ. ಡಾಕ್ಟರ್ ಸಾಹೇಬರು, ಮನೆಯಲ್ಲಿ ದಖನಿ ಉರ್ದು ಆಡುವ ಹಿರಿಯರು, ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು.

"ಪಂಡಿತ್‌ಜಿ, ಎದಿ ಗಟ್ಟಿ ಅದ. ತಂಬಾಕು, ಸೆರೆ, ಮತ್ತೇನಾರ ತಗೊಂಡಿದ್ರೇನು?"

"ಶಾಂತಂ ಪಾಪಂ!" ಎಂದು ಕಿವಿ ಮುಟ್ಟಿಕೊಂಡೆ.

ಎದೆ ಗಟ್ಟಿಯೆಂಬ ಆ ಮಾತಿನ ಸಮಾಧಾನ ಬಸ್ಸು ಕಲ್ಮಲ ದಾಟುವಷ್ಟರಲ್ಲಿ ತೀರಿತ್ತು. ಯಂತ್ರ ತಪ್ಪಿರಬಹುದು. ನಾನು ಪರೀಕ್ಷೆಯ ಮಂಚದಿಂದ ಏಳುವಾಗ ಹೃದಯ ಸರಿಯಿದ್ದು, ಮೆಟ್ಟಿಲಿಳಿಯುವಾಗ ಕೆಟ್ಟಿರಬಹುದು.

ಇದು ಪಾಪದ ಫಲವೆಂದು ನಿಶ್ಚಯಿಸಿ ಪ್ರಾಯಶ್ಚಿತ್ತ ಹಿಡಿದೆ. ಏಕಾದಶಿಯಲ್ಲದೆ ವಾರಕ್ಕೆರಡು ದಿನ ನಿರಾಹಾರ, ಉಳಿದ ದಿನ ಒಪ್ಪೊತ್ತು. ತಲೆ ತಿರುಗಿತು, ಎದೆ ಹಾರಿತು. ಅದನ್ನೇ ಹೃದ್ರೋಗದ ಸಾಕ್ಷಿಯೆಂದು ತಿಳಿದು ಉಪವಾಸವನ್ನು ಇನ್ನೂ ಹೆಚ್ಚಿಸಿದೆ. ಶಾಸ್ತ್ರ ಓದಿದವನಲ್ಲದೆ ಇಂಥ ತಪ್ಪನ್ನು ಇಷ್ಟು ಶ್ರದ್ಧೆಯಿಂದ ಯಾರು ಮಾಡಿಯಾರು?

ಹೆಂಡತಿ ರುಕ್ಮಿಣಿ ಒಂದು ಬೆಳಿಗ್ಗೆ ನಾನು ಜಪಕ್ಕೆ ಕೂತದ್ದನ್ನು ನೋಡುತ್ತಾ ನಿಂತಳು.

"ಏನ್ರೀ, ಒಂದು ಕೈಯಾಗ ಮಾಲಿ, ಇನ್ನೊಂದು ಕೈ ಕೊರಳಾಗ ಯಾಕ? ದೇವರನ್ನ ಎಣಸ್ಲಿಕ್ಕತ್ತೀರೋ, ನಾಡಿ ಎಣಸ್ಲಿಕ್ಕತ್ತೀರೋ?"

ತುಳಸಿಮಣಿಗಳ ಮೇಲೆ ನಾಡಿಯನ್ನೇ ಎಣಿಸುತ್ತಿದ್ದೆ. ಉಸಿರನ್ನು ನಡೆಸುವವನು ವಾಯುದೇವನಾದ ಮುಖ್ಯಪ್ರಾಣನೇ ಹೊರತು ಜೀವನಲ್ಲವೆಂದು ಮೂವತ್ತು ವರ್ಷ ಪಾಠ ಹೇಳಿದವನು, ಈಗ ನಾನು ಕಾಯದಿದ್ದರೆ ಅದು ನಿಂತೀತೆಂದು ಹಗಲೆಲ್ಲ ಪಹರೆ ಕೂತಿದ್ದೆ.

ಆಮೇಲೆ ಒಂಟಿಯಾಗಿ ಶಾಲೆಗೂ ಹೋಗದಾದೆ. ರುಕ್ಮಿಣಿ ಗೇಟಿನವರೆಗೆ ಬರುತ್ತಿದ್ದಳು. ಹೀಗೆ ಒಂದೂವರೆ ವರ್ಷ.

ಆಗ ರಾಯಚೂರಿಗೆ ಕೊಟ್ಟ ಮಗಳು ಸುಧಾ ಮೊದಲ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಆದರೆ ಬಸ್ಸಿನ ಪ್ರಯಾಣ ಕೂಡದೆಂದು ಅಲ್ಲಿನ ಲೇಡಿ ಡಾಕ್ಟರು ಹೇಳಿದ್ದರಿಂದ ತಾಯಿಯೇ ಹೋಗಬೇಕಾಯಿತು. ರುಕ್ಮಿಣಿ ಎರಡು ಸಲ ಚೀಲ ಕಟ್ಟಿದಳು. ಎರಡು ಸಲವೂ ನನಗೆ ಎದೆನೋವು ಬಂದಿತು. ಸುಳ್ಳು ನೋವಲ್ಲ, ನಿಜವಾಗಿಯೇ ನೋಯುತ್ತಿತ್ತು. ಜೊತೆಗೆ ಹೋಗೋಣವೆಂದರೆ, ದಾರಿಯಲ್ಲಿ ಏನಾದರೂ ಆದರೆ ಡಾಕ್ಟರಿಲ್ಲವೆಂದು ಬಸ್ಸು ಹತ್ತಲೂ ಹೆದರುತ್ತಿದ್ದೆ. ಆಮೇಲೆ ಅಳಿಯನ ಟೆಲಿಗ್ರಾಂ ಬಂದಿತು. ಸುಧಾಳನ್ನು ಆಸ್ಪತ್ರೆಗೆ ಅಡ್ಮಿಟ್ ಮಾಡಿದ್ದರು. ರುಕ್ಮಿಣಿ ಮೂರನೆಯ ಸಲ ಚೀಲ ಕಟ್ಟಿದಳು.

"ಮಗಳ ಬಾಣಂತನ ಮಾಡ್ಲೋ, ನಿಮ್ಮ ಕೈ ಹಿಡಕೊಂಡು ಕೂಡ್ಲೋ? ನೀವ ಹೇಳ್ರಿ."

"ನೀ ಹೋದ್ರ ನಾ ಉಳಿಯೂದಿಲ್ಲ ರುಕ್ಮಾ."

ಅವಳು ಚೀಲ ಬಿಚ್ಚಿ ಸೀರೆಗಳನ್ನು ಪೆಟ್ಟಿಗೆಗೆ ಹಾಕಿದಳು.

ಎರಡು ದಿನಕ್ಕೆ ಇನ್ನೊಂದು ಟೆಲಿಗ್ರಾಂ.

ಕೂಸು ಹೊಟ್ಟೆಯಲ್ಲೇ ತೀರಿಹೋಗಿತ್ತು.

ಆ ದಿನ ರುಕ್ಮಿಣಿಯೊಡನೆ ಬಸ್ಸು ಹತ್ತಿದೆ. ವಾರ್ಡಿನಲ್ಲಿ ಸುಧಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಮ್ಮ ಸಪ್ಪಳಕ್ಕೆ ತಿರುಗಿ, ಮೊದಲು ನನ್ನನ್ನೇ ಕೇಳಿದಳು.

"ಅಪ್ಪಾ, ಎದಿ ಹ್ಯಾಂಗದ ಈಗ?"

ಕುಹಕವಿರಲಿಲ್ಲ. ನಿಜವಾದ ಕಳಕಳಿಯಿಂದ ಕೇಳಿದ್ದಳು. ಅದನ್ನು ತಾಳಲಾರದೆ ಹೊರಗೆ ಬಂದೆ. ಮರುದಿನ ರುಕ್ಮಿಣಿಯನ್ನು ಕರೆದುಕೊಂಡು ಆ ಹಿರಿಯ ಡಾಕ್ಟರ್ ಸಾಹೇಬರಲ್ಲಿಗೆ ಹೋಗಿ ಹೋಳಿಯ ದಿನದಿಂದ ಎಲ್ಲವನ್ನೂ ಹೇಳಿದೆ. ರುಕ್ಮಿಣಿ ಕಣ್ಣೊರೆಸಿಕೊಳ್ಳಲಿಲ್ಲ.

"ಒಂದೂವರಿ ವರ್ಷ ಯಾವ ಯಾವ ದೇವರಿಗೆ ಏನೇನು ಬೇಡ್ಕೊಂಡೀನಿ, ಗೊತ್ತೇನ್ರೀ? ಇಷ್ಟು ಹೇಳಿದ್ರ ಆಗ್ತಿತ್ತು."

ಡಾಕ್ಟರು ಗದರಿಸಲಿಲ್ಲ. "ಭಂಗಿ ಆವತ್ತ ಮೈ ಬಿಟ್ಟು ಹೋಗ್ಯದ, ಪಂಡಿತ್‌ಜಿ. ಅವತ್ತಿನ ಅಂಜಿಕಿ ಹೋಗಿಲ್ಲ. ಇದಕ್ಕ ಆಂಗ್ಸೈಟಿ ಅಂತೀವಿ. ನೀವು ಉಪಾಸ ಮಾಡಿ ಮಾಡಿ ಅದಕ್ಕ ಮೇವು ಹಾಕೀರಿ. ಹೊಟ್ಟಿ ತುಂಬ ಉಣ್ರಿ. ನಾಡಿ ಮುಟ್ಟಬ್ಯಾಡ್ರಿ. ಅಂಜಿಕಿ ಬಂದ್ರ ಓಡಬ್ಯಾಡ್ರಿ, ಕೂಡ್ರಿ. ಬಂದದ್ದು ಹೋಗ್ತದ." ಸಣ್ಣ ಮಾತ್ರೆಗಳನ್ನು ಬರೆದುಕೊಟ್ಟರು.

"ಇವಳು ಎರಡು ದಿನ ಮೊದಲ ಬಂದಿದ್ರ, ಕೂಸು ಉಳೀತಿತ್ತೇನ್ರಿ?" ಎಂದು ಕೇಳಿದೆ.

ಅವರು ಪೆನ್ನು ಕೆಳಗಿಟ್ಟರು. "ಕೂಸಿನ ಮಾತು ನಾ ಹೇಳಾಕ ಬರಾಂಗಿಲ್ಲ. ಮಗಳಿಗೆ ತಾಯಿ ಕೈ ಇರ್ತಿತ್ತು."

ಸುಧಾಳ ಆರೈಕೆಗೆ ರುಕ್ಮಿಣಿ ನಲವತ್ತು ದಿನ ಉಳಿಯಬೇಕಿತ್ತು. ನನಗೆ ಶಾಲೆಯಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಊಟದ ಡಬ್ಬಿ ಕೊಟ್ಟು, "ಸಾಯೂದಾದ್ರೂ ಉಂಡು ಸಾಯ್ರಿ" ಎಂದಳು. ಬಸ್ಸು ಹೊರಟಿತು. ಅವಳನ್ನು ಕರೆಯಲಿಲ್ಲ.

ಗಬ್ಬೂರಿನ ಹತ್ತಿರ ಅದು ಬಂದಿತು. ಎದೆ ಹಾರಿತು, ಕೈ ತಣ್ಣಗಾಯಿತು. ಇಳಿದುಬಿಡೋಣವೆನಿಸಿತು. ಇಳಿಯಲಿಲ್ಲ. ಮಡಿಯಿಲ್ಲದೆ, ಆಪೋಶನವಿಲ್ಲದೆ, ಜನ್ಮದಲ್ಲಿ ಮೊದಲ ಸಲ ಬಸ್ಸಿನ ಸೀಟಿನಲ್ಲಿ ಡಬ್ಬಿ ತೆರೆದೆ. ಮೊಸರನ್ನದ ತುತ್ತು ಗಂಟಲಲ್ಲಿ ನಿಂತಿತು. ಪಕ್ಕದ ಮುದುಕಿ ತಂಬಿಗೆ ಚಾಚಿದಳು.

"ಸಾವಕಾಶ ಉಣ್ರಿ ಯಪ್ಪಾ. ಬಸ್ಸು ಎಲ್ಲಿ ಓಡಿ ಹೊಕ್ಕತಿ? ನೀವ ಅದರಾಗ ಅದೀರಲ್ಲ!"

ಯಾವ ಜಾತಿಯೆಂದು ಕೇಳದೆ ಆ ನೀರನ್ನು ಕುಡಿದೆ. ಡಬ್ಬಿಯನ್ನು ಪೂರ್ತಿ ಮುಗಿಸಿದೆ. ದೇವದುರ್ಗದಲ್ಲಿ ಇಳಿದು, ಬೀಗ ತೆಗೆದು, ಯಾರೂ ಇಲ್ಲದ ಮನೆಯೊಳಗೆ ಹೋದೆ.

ನಾನು ಗುಣವಾದೆನೆಂದು ಹೇಳಲಾರೆ. ಭಯ ಈಗಲೂ ಬರುತ್ತದೆ. ಬಂದಾಗ ಕೂಡುತ್ತೇನೆ, ಹೋಗುತ್ತದೆ. ಸುಧಾಳ ಮುಖವನ್ನು ಮಾತ್ರ ಇನ್ನೂ ನೇರವಾಗಿ ನೋಡಲಾರೆ. ಆ ಕೂಸಿಗೆ ಭಗವಂತನು ಸದ್ಗತಿ ಕೊಡಲಿ. ಸುಧಾಳ ಮಡಿಲು ತುಂಬಲಿ. ಬಿಚ್ಚಿದ ಚೀಲದ ಮಾತನ್ನು ಒಮ್ಮೆಯೂ ಎತ್ತಿ ಆಡದ ರುಕ್ಮಿಣಿಗೆ, ಇಂದಿಗೂ ನನ್ನೆದುರು ತಲೆ ತಗ್ಗಿಸುವ ವೆಂಕೋಬನಿಗೆ, ನಿಜ ಹೇಳಿದ ಡಾಕ್ಟರ್ ಸಾಹೇಬರಿಗೆ, ಬಸ್ಸಿನಲ್ಲಿ ನೀರು ಕೊಟ್ಟ, ನಾನು ಹೆಸರೂ ಕೇಳದ ಆ ತಾಯಿಗೆ ಆಯುಸ್ಸು, ಆರೋಗ್ಯ, ನಿರ್ಭಯತೆ ದೊರೆಯಲಿ.