ಮುದ್ದೆಯ ಹೊತ್ತಿಗೆ ಸತ್ತ ನೀಲಿ ಕೂದಲಿನವನು

ಸ್ನೇಹಿತರೇ, ಇವತ್ತು ಮಧ್ಯಾಹ್ನ ನಮ್ಮ ಅತ್ತೆ ಒಂದು ಕಾರ್ಟೂನಿನ ಸಾವಿಗೆ ತಲೆಗೆ ನೀರು ಹಾಕಿಕೊಂಡರು.

ಅರಕಲಗೂಡಿನಿಂದ ಹಾಸನಕ್ಕೆ ಬಂದಾಗಲೆಲ್ಲ ಅವರು ನನ್ನ ಮಗಳ ಜೊತೆ ಕೂತು ಜಪಾನಿನ ಒಂದು ಅನಿಮೆ ಕಾರ್ಟೂನು ನೋಡುತ್ತಾರೆ. ಮಾತು ಅರ್ಥವಾಗುವುದಿಲ್ಲ, ಮೊಮ್ಮಗಳು ಕನ್ನಡದಲ್ಲಿ ಹೇಳುತ್ತಾಳೆ. ಅದರಲ್ಲಿ ಕತ್ತಿ ಹಿಡಿದ ನೀಲಿ ಕೂದಲಿನ ಹುಡುಗನೊಬ್ಬನಿದ್ದಾನೆ. ಅತ್ತೆಗೆ ಅವನೆಂದರೆ ಪ್ರಾಣ. ಇವತ್ತು ಇಬ್ಬರೂ ಮುದ್ದೆ ಉಣ್ಣುತ್ತ ನೋಡುತ್ತಿದ್ದರು. ಅದೇ ಕತೆಯ ಮಾಂಗಾ ಎಂಬ ಚಿತ್ರಕತೆ ಪುಸ್ತಕವನ್ನು ಕೊನೆಯವರೆಗೂ ಓದಿರುವ ಮಗಳು ಬಾಯಿ ತಡೆಯಲಾರದೆ, "ಅಜ್ಜಿ, ಪುಸ್ತಕದಲ್ಲಿ ಇವ್ನು ಸತ್ತೋಗ್ಬಿಟ್ಟ" ಅಂದುಬಿಟ್ಟಳು.

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು.

"ಉಣ್ಣೋರ್ ಮುಂದೆ ಸತ್ತ ಸುದ್ದಿ ಏಳ್ತಾರೇನಮ್ಮಿ? ಕೈ ತೊಳ್ಯೋಗಂಟ ತಡ್ಕಳಾಕಾಗ್ನಿಲ್ವಾ?" ಎಂದು ಬೈದವರೇ ಅರ್ಧ ಮುದ್ದೆ ಬಿಟ್ಟೆದ್ದು ಬಚ್ಚಲಿಗೆ ಹೋದರು.

ಒದ್ದೆ ತಲೆಯಲ್ಲಿ ಬಂದು ನೋಡಿದರೆ, ಸತ್ತವನು ಟೀವಿಯಲ್ಲಿ ನಗುನಗುತ್ತ ಅನ್ನ ತಿನ್ನುತ್ತಿದ್ದಾನೆ!

"ಟೀವಿಲಿ ಕತೆ ಇನ್ನೂ ಅಲ್ಲಿಗೆ ಬಂದಿಲ್ಲ ಅಜ್ಜಿ. ಮುಂದಕ್ಕೆ ನೋಡಿದ್ರೆ ಸಾಯ್ತಾನೆ" ಎಂದಳು ಮಗಳು.

"ಅಂಗಾರೆ ಮುಂದುಕ್ ನೋಡೋದೇ ಬ್ಯಾಡ ಕಣಮ್ಮಿ. ಮೊದ್ಲಿಂದ ಆಕು."

ಈಗ ಮತ್ತೆ ಮೊದಲ ಕಂತು ಓಡುತ್ತಿದೆ. ನಮ್ಮ ಮನೆಗೆ ಬರುವವರಲ್ಲಿ ಯಾರಾದರೂ ಆ ಪುಸ್ತಕ ಓದಿದ್ದರೆ ದಯವಿಟ್ಟು ಬಾಯಿ ಬಿಡಬೇಡಿ. ತಡೆಯಲಾಗದಿದ್ದರೆ ಅತ್ತೆ ಉಂಡು ಕೈ ತೊಳೆದ ಮೇಲೆ ಹೇಳಿ. ಬಿಸಿನೀರು ನಾನು ಕಾಯಿಸಿಟ್ಟಿರುತ್ತೇನೆ.